ಕೆಂಪಗಾಗಿ ಎಚ್ಚರಿಸುತ್ತಿದ್ದ ಬ್ಯಾಟರಿ: ಹಳೇ ಮೂರು ಸೆಲ್ಲಿನ ಟಾರ್ಚಿಗೆ ಎಲ್‌ಇಡಿ ಹಾಕಿದ ಒಂದು ಪ್ರಕರಣ

ತುಮಕೂರು ಜಿಲ್ಲೆಯ ಒಂದು ತೆಂಗಿನ ಊರಿನಿಂದ ಬಂದ ಟಾರ್ಚಿನ ಕತೆ ಇದು. ನಮ್ಮದು ತಾಲ್ಲೂಕು ಪಟ್ಟಣದಲ್ಲಿ ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ರೇಡಿಯೋ, ಮೋಟರ್ ಸ್ಟಾರ್ಟರ್ ಜಾಸ್ತಿ ಬರುತ್ತವೆ, ಟಾರ್ಚು ಅಪರೂಪ. ಊರಿನ ಹೆಸರು, ಮನೆಯವರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆ, ಲೆಕ್ಕ, ನಾನು ಎಡವಿದ ಜಾಗ ಎಲ್ಲವೂ ಇದ್ದ ಹಾಗೇ ಇವೆ. ಅವರನ್ನು ಇಲ್ಲಿ ಯಜಮಾನರು ಎನ್ನುತ್ತೇನೆ, ಅವರ ಮನೆಯಾಕೆಯನ್ನು ಅಮ್ಮ ಎನ್ನುತ್ತೇನೆ. ಅಂಗಡಿಯಲ್ಲೂ ನಾನು ಹಾಗೇ ಕರೆಯುವುದು.

ಹಿನ್ನೆಲೆ

ಯಜಮಾನರಿಗೆ ಅರವತ್ತು ದಾಟಿದೆ. ಟಾರ್ಚು ಅವರ ತಂದೆಯ ಕಾಲದ್ದು. ಹಿತ್ತಾಳೆ ಮೈ, ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಲೇಪ. ಕೈ ಹಿಡಿಯುವ ಜಾಗದಲ್ಲಿ ಲೇಪ ಸವೆದು ಹಿತ್ತಾಳೆ ಕಾಣುತ್ತಿತ್ತು. ಒಳಗೆ ಒಂದೂವರೆ ವೋಲ್ಟಿನ ಮೂರು ದೊಡ್ಡ ಸೆಲ್ಲು, ಮುಂದೆ ತಿರುಪಿನ ಬಲ್ಬು. ಬಲ್ಬಿನ ಕತ್ತಿನ ಮೇಲೆ 3.8 ವೋಲ್ಟ್, 0.3 ಆಂಪಿಯರ್ ಅಂತ ಕೊರೆದಿತ್ತು. ನಮ್ಮ ಕಡೆ ಹಳ್ಳಿಯಲ್ಲಿ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು, ಒಳಗೆ ಹಾಕುವುದು ಸೆಲ್ಲು. ಮುಂದೆ ಅವರ ಮಾತಿನಲ್ಲಿ ಬ್ಯಾಟರಿ ಅಂತ ಬಂದರೆ ಟಾರ್ಚು ಅಂತಲೇ ಓದಿಕೊಳ್ಳಿ.

ಅದರ ಕೆಲಸ ಏನು ಅಂತ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ತೋಟಕ್ಕೆ ತ್ರೀ ಫೇಸ್ ಕರೆಂಟು ಎಷ್ಟೋ ದಿನ ರಾತ್ರಿ ಹೊತ್ತೇ ಬರುತ್ತದೆ. ಹತ್ತಕ್ಕೋ ಎರಡಕ್ಕೋ ಎದ್ದು ಮೋಟರ್ ಹಾಕಬೇಕು. ಮನೆಯಿಂದ ಮೋಟರ್ ಮನೆಗೆ ಅರ್ಧ ಕಿಲೋಮೀಟರಿಗೂ ಜಾಸ್ತಿ ಕಾಲುದಾರಿ. ಒಂದು ಕಡೆ ಬದು, ಇನ್ನೊಂದು ಕಡೆ ಉದುರಿದ ಗರಿ, ಮಟ್ಟೆ. ಅಲ್ಲಿ ಹೋಗಿ ಸ್ಟಾರ್ಟರ್ ಒತ್ತಿ, ಪಾತಿಗೆ ನೀರು ಹೋಗುತ್ತಿದೆಯಾ ನೋಡಿ ವಾಪಸ್ ಬರುವಷ್ಟರಲ್ಲಿ ನಲವತ್ತು ನಿಮಿಷ. ಆ ದಾರಿಯಲ್ಲಿ ಕೊಳಕುಮಂಡಲ ಸಿಗುತ್ತದೆ. ಅದು ರಾತ್ರಿ ಓಡಾಡುವ ಹಾವು, ತರಗೆಲೆಯ ಬಣ್ಣದಲ್ಲೇ ಬೆರೆತು ಮಲಗಿರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪೇಟೆಯಲ್ಲಿ ಕೂತವರಿಗೆ ಅದೊಂದು ಸುದ್ದಿ ಅಷ್ಟೇ. ರಾತ್ರಿ ಎರಡಕ್ಕೆ ಬರಿಗಾಲಲ್ಲಿ ಮೋಟರ್ ಮನೆಗೆ ನಡೆಯುವವರಿಗೆ ಅದು ದಿನದ ಮಾತು. ಹಾಗಾಗಿ ಈ ಟಾರ್ಚನ್ನು ನಾನು ಹಳೇ ಸಾಮಾನು ಅಂತ ನೋಡಲಿಲ್ಲ.

ತೊಂದರೆ

ಅವರು ಹೇಳಿದ್ದು ಮೂರು ಮಾತು. "ಬೆಳಕು ಮೊದಲಿನಂಗಿಲ್ಲ. ಬಲ್ಬು ಪದೇ ಪದೇ ಹೋಯ್ತದೆ, ಅಂಗಡೀಲಿ ಕೇಳಿದ್ರೆ ಸಿಗಲ್ಲ. ಸೆಲ್ಲು ಮೂರು ವಾರಕ್ಕೆ ಸತ್ತೋಯ್ತವೆ." ಮಗ ಬೆಂಗಳೂರಿನಿಂದ ಚಾರ್ಜ್ ಮಾಡುವ ಪ್ಲಾಸ್ಟಿಕ್ ಟಾರ್ಚು ತಂದುಕೊಟ್ಟಿದ್ದ. ಒಂದು ವರ್ಷಕ್ಕೆ ಅದರ ಬ್ಯಾಟರಿ ಚಾರ್ಜ್ ಹಿಡಿಯುವುದು ನಿಲ್ಲಿಸಿತು. ಅಪ್ಪನ ಟಾರ್ಚಿಗೇ ಎಲ್‌ಇಡಿ ಹಾಕಿಸೋಣ ಅಂತ ಅವರೇ ಮನಸ್ಸು ಮಾಡಿ ಬಂದಿದ್ದರು.

ಲೆಕ್ಕ ಹಾಕಿದರೆ ಆಸೆ ಸರಿಯಾಗೇ ಇದೆ. ಹಳೇ ಬಲ್ಬು 3.8 ವೋಲ್ಟಿಗೆ 0.3 ಆಂಪಿಯರ್ ಎಳೆಯುತ್ತದೆ, ಅಂದರೆ ಸುಮಾರು 1.1 ವ್ಯಾಟ್. ಅದರಲ್ಲಿ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತದೆ. ತಂತಿ ಉರಿಯುವ ಟಾರ್ಚ್ ಬಲ್ಬಿನಲ್ಲಿ ಒಂದು ವ್ಯಾಟಿಗೆ ಹತ್ತು ಲ್ಯೂಮೆನ್ (ಬೆಳಕಿನ ಅಳತೆ) ಸಿಕ್ಕರೆ ಹೆಚ್ಚು. ಒಳ್ಳೆಯ ಬಿಳಿ ಎಲ್‌ಇಡಿ ಅಷ್ಟೇ ವಿದ್ಯುತ್ತಿಗೆ 80ರಿಂದ 100 ಲ್ಯೂಮೆನ್ ಕೊಡುತ್ತದೆ. ಇಷ್ಟು ದೊಡ್ಡ ಲಾಭ ಕಣ್ಣೆದುರು ಇದ್ದಾಗ ಬಲ್ಬು ಬದಲಿಸಿ ಕಳಿಸಿದರೆ ಆಯ್ತು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು.

ಮೊದಲ ಬಲ್ಬು

ಅಂಗಡಿಯಲ್ಲಿ ಹಳೇ ಬಲ್ಬಿನ ಅಳತೆಗೇ ಬರುವ ತಿರುಪಿನ ಎಲ್‌ಇಡಿ ಬಲ್ಬು ಒಂದಿತ್ತು. ಮೇಲೆ 3 ವೋಲ್ಟ್ ಅಂತ ಬರೆದಿತ್ತು. ಹಾಕಿದೆ. ಉರಿಯಲಿಲ್ಲ.

ಸೆಲ್ಲು ತೆಗೆದು ನೋಡಿದರೆ ಮೂರೂ ಉಲ್ಟಾ ಇದ್ದವು. ಮೂಗು ಸ್ಪ್ರಿಂಗ್ ಕಡೆ, ತಳ ಬಲ್ಬಿನ ಕಡೆ. "ನಮ್ಮಪ್ಪ ಹಂಗೇ ಹಾಕ್ತಿದ್ದ ಕಣಪ್ಪ, ನಾನೂ ಹಂಗೇ ಹಾಕ್ತೀನಿ" ಅಂದರು. ತಂತಿ ಬಲ್ಬಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಒಂದೇ, ಹಾಗಾಗಿ ನಲವತ್ತು ವರ್ಷ ಯಾರಿಗೂ ಗೊತ್ತಾಗಿಲ್ಲ. ಎಲ್‌ಇಡಿಗೆ ಮಾತ್ರ ಪ್ಲಸ್ಸು ಮೈನಸ್ಸು ಸರಿ ಇರಲೇಬೇಕು. ಒಳಗೆ ಸರ್ಕಿಟ್ ಇರುವ ಬಲ್ಬುಗಳು ಉಲ್ಟಾ ಕರೆಂಟಿಗೆ ಸತ್ತೇ ಹೋಗಬಹುದು. ಪುಣ್ಯಕ್ಕೆ ಇದು ಉಳಿದಿತ್ತು. ಸೆಲ್ಲು ತಿರುಗಿಸಿದ ಕೂಡಲೇ ಅಂಗಡಿಯ ಗೋಡೆ ಬೆಳ್ಳಗಾಯಿತು. ಅವರ ಮುಖವೂ ಅರಳಿತು.

ನಾಲ್ಕನೇ ರಾತ್ರಿಗೆ ಬಲ್ಬು ಹೋಯಿತು. ಹೋಗುವ ಮೊದಲು ಬೆಳಕು ನೀಲಿ ನೀಲಿ ಆಗಿತ್ತಂತೆ.

ತಪ್ಪು ನನ್ನದು. 3 ವೋಲ್ಟ್ ಅಂತ ಬರೆದ ಎಲ್‌ಇಡಿ ಬಲ್ಬು ಎರಡು ಸೆಲ್ಲಿನ ಟಾರ್ಚಿಗೆ ಮಾಡಿದ್ದು. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯಲು ಮೂರು ವೋಲ್ಟಿಗಿಂತ ಸ್ವಲ್ಪ ಜಾಸ್ತಿಯೇ ಬೇಕು. ಎರಡು ಸೆಲ್ಲು ಹೊಸದಿದ್ದಾಗ ಮೂರು ಕೊಟ್ಟು ಆಮೇಲೆ ಇಳಿಯುತ್ತಾ ಹೋಗುತ್ತವೆ. ಅದಕ್ಕೇ ಅಂಥ ಬಲ್ಬಿನ ಒಳಗೆ ವೋಲ್ಟೇಜ್ ಏರಿಸುವ ಪುಟ್ಟ ಸರ್ಕಿಟ್ ಇರುತ್ತದೆ. ಆ ಸರ್ಕಿಟ್ಟಿಗೆ ಏರಿಸಲು ಗೊತ್ತು, ಇಳಿಸಲು ಗೊತ್ತಿಲ್ಲ. ಎಲ್‌ಇಡಿಗೆ ಬೇಕಾದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹಿಂದಿನಿಂದಲೇ ಬಂದರೆ ತಡೆಯುವವರಿಲ್ಲದೆ ಕರೆಂಟು ನೇರ ನುಗ್ಗುತ್ತದೆ. ಮೂರು ಹೊಸ ಸೆಲ್ಲು ಸೇರಿಸಿ ನಾನು ಅಳೆದಾಗ ಮೀಟರ್ 4.8 ವೋಲ್ಟ್ ತೋರಿಸಿತು. ಬಲ್ಬು ಕುದಿದು ಹೋಗಿದೆ. ನೀಲಿಗೂ ಕಾರಣ ಇದೆ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಲೇಪ. ಬಿಸಿ ಮಿತಿಮೀರಿದರೆ ಲೇಪದ ಕೆಲಸ ಕುಗ್ಗುತ್ತದೆ, ನೀಲಿ ಹಾಗೇ ಹೊರಗೆ ಬರುತ್ತದೆ. 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿದ್ದು ಈ ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೇ. ಅದಿಲ್ಲದಿದ್ದರೆ ಇವತ್ತಿನ ಬಿಳಿ ಎಲ್‌ಇಡಿ ದೀಪಗಳು ಇರುತ್ತಿರಲಿಲ್ಲ.

ಬಲ್ಬು ಬಿಟ್ಟು ಟಾರ್ಚು ನೋಡಿದ್ದು

ಎರಡನೇ ಸಲ ಬಂದಾಗ ಟಾರ್ಚನ್ನು ಪೂರ್ತಿ ಬಿಚ್ಚಿದೆ. ಹಳೇ ತಂತಿ ಬಲ್ಬು ಹಾಕಿ, ಉರಿಯುತ್ತಿರುವಾಗಲೇ ಅಳೆದೆ. ಸೆಲ್ಲುಗಳ ಎರಡು ತುದಿಯಲ್ಲಿ 4.3 ವೋಲ್ಟ್. ಬಲ್ಬಿನ ಹತ್ತಿರ 3.6. ನಡುವೆ 0.7 ವೋಲ್ಟ್ ಎಲ್ಲಿಗೆ ಹೋಯಿತು? ಹಿಂದಿನ ಮುಚ್ಚಳದ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿತ್ತು. ಮುಚ್ಚಳದ ತಿರುಪಿನಲ್ಲಿ ಎಣ್ಣೆ, ಮಣ್ಣು ಗಟ್ಟಿಯಾಗಿತ್ತು. ಸ್ವಿಚ್ಚಿನ ಪಟ್ಟಿ ಕಪ್ಪಾಗಿತ್ತು. ಟಾರ್ಚಿನ ಲೋಹದ ಮೈ ಬರೀ ಕವಚ ಅಲ್ಲ, ಕರೆಂಟು ವಾಪಸ್ ಹೋಗುವ ತಂತಿಯೂ ಅದೇ. ಆ ತಂತಿಯಲ್ಲಿ ನಲವತ್ತು ವರ್ಷದ ಕೊಳೆ ಕೂತಿತ್ತು.

ಸೆಲ್ಲು ಸೋರಿದ ಗುರುತಿದ್ದ ಕಡೆ ಅಡುಗೆ ಸೋಡಾ ನೀರಲ್ಲಿ ಒರೆಸಿದೆ. ಮಾಮೂಲಿ ಅಗ್ಗದ ಸೆಲ್ಲಿನಿಂದ ಸೋರುವುದು ಹುಳಿ, ಅದಕ್ಕೆ ಸೋಡಾ ಸರಿ. ಆಲ್ಕಲೈನ್ ಸೆಲ್ಲು ಸೋರಿದ್ದರೆ ಅದು ಕ್ಷಾರ, ಆಗ ನಿಂಬೆಹಣ್ಣು ಬೇಕು. ಆಮೇಲೆ ಒಣಗಿಸಿ ಎಮರಿ ಪೇಪರ್ ಹಾಕಿ ಹಿತ್ತಾಳೆ ಹೊಳೆಯುವವರೆಗೆ ತಿಕ್ಕಿದೆ. ಸ್ಪ್ರಿಂಗನ್ನು ಸ್ವಲ್ಪ ಎಳೆದು ಬಿಗಿ ಮಾಡಿದೆ. ಮತ್ತೆ ಅಳೆದಾಗ ನಡುವೆ ಹೋಗುತ್ತಿದ್ದದ್ದು 0.08 ವೋಲ್ಟ್ ಮಾತ್ರ. ಅದೇ ಹಳೇ ಬಲ್ಬು ಹಳದಿಯಿಂದ ಬಿಳಿಗೆ ತಿರುಗಿತು. "ಬೆಳಕು ಮೊದಲಿನಂಗಿಲ್ಲ" ಅನ್ನುವ ಅವರ ಮೊದಲ ದೂರು ಎಲ್‌ಇಡಿ ಇಲ್ಲದೇ ಮುಕ್ಕಾಲು ಪಾಲು ತೀರಿಹೋಗಿತ್ತು. ಈ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ. ಮೊದಲ ದಿನವೇ ಮಾಡಬೇಕಿತ್ತು. ಈಗ ಯಾರೇ ಟಾರ್ಚು ತಂದರೂ ಬಲ್ಬಿನ ಮಾತು ಎತ್ತುವ ಮುಂಚೆ ನಾನು ಮೀಟರ್ ಹಿಡಿಯುತ್ತೇನೆ.

ಎರಡನೇ ಬಲ್ಬು

ಈ ಸಲ ಅಳತೆ ನೋಡಿ ತರಿಸಿದೆ. 3ರಿಂದ 9 ವೋಲ್ಟ್ ಅಂತ ಬರೆದಿದ್ದ, ಅರ್ಧ ವ್ಯಾಟಿನ ಬಲ್ಬು. ಒಳಗಿನ ಸರ್ಕಿಟ್ ಸೆಲ್ಲು ಹೊಸದಿರಲಿ ಹಳತಿರಲಿ ಬೆಳಕನ್ನು ಒಂದೇ ಸಮ ಇಡುತ್ತದೆ. ತಾಂತ್ರಿಕವಾಗಿ ನೋಡಿದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೊದಲ ದಿನದಷ್ಟೇ ಬೆಳಕು ಮೂವತ್ತನೇ ದಿನವೂ ಇತ್ತು. ಯಜಮಾನರು ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಹೇಳಿ ಹೋಗುತ್ತಿದ್ದರು. ನಾನು ಪ್ರಕರಣ ಮುಗಿಯಿತು ಅಂದುಕೊಂಡೆ.

ಐದು ವಾರ ಕಳೆದ ಮೇಲೆ ಒಂದು ರಾತ್ರಿ ಮೋಟರ್ ಮನೆಯಿಂದ ವಾಪಸ್ ಬರುವ ದಾರಿಯಲ್ಲಿ ಟಾರ್ಚು ಎರಡು ಸಲ ಮಿಟುಕಿ ಆರಿಹೋಯಿತು. ಅಮಾವಾಸ್ಯೆ ಹತ್ತಿರದ ಕತ್ತಲು. ಫೋನು ಮನೆಯಲ್ಲಿತ್ತು. ಅವರು ನಿಂತಲ್ಲೇ ನಿಂತು ಮನೆ ಕಡೆ ಕೂಗಿದ್ದಾರೆ. ಅಮ್ಮ ಚಿಮಣಿ ಹಿಡಿದು ಅರ್ಧ ದಾರಿ ಬಂದಿದ್ದಾರೆ. ಏನೂ ಆಗಲಿಲ್ಲ. ಆದರೆ ಮಾರನೇ ದಿನ ಅಂಗಡಿಗೆ ಬಂದವರು ಟಾರ್ಚನ್ನು ಮೇಜಿನ ಮೇಲಿಟ್ಟು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ.

"ಹಳೇ ಬಲ್ಬು ಕೆಂಪಗಾಗಿ ಹೇಳ್ತಿತ್ತು ಕಣಪ್ಪ, ನಾಳೆ ಸೆಲ್ಲು ತಗೊಂಬಾ ಅಂತ. ಇದು ಹೇಳದೇ ಹೋಯ್ತು."

ಇಡೀ ಪ್ರಕರಣ ತಿರುಗಿದ್ದು ಅಲ್ಲೇ. ತಂತಿ ಬಲ್ಬು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಮೂರು ನಾಲ್ಕು ದಿನ ತೆಗೆದುಕೊಂಡು ಇಳಿಯುತ್ತದೆ. ನಾವು ಅದನ್ನು ದೋಷ ಅಂತ ಎಣಿಸಿದ್ದೆವು. ಅವರು ನಲವತ್ತು ವರ್ಷ ಆ ಬಣ್ಣ ನೋಡಿಯೇ ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯುತ್ತಿದ್ದರು. ನಾನು ಹಾಕಿದ ಬಲ್ಬು ಸೆಲ್ಲಿನ ಸ್ಥಿತಿಯನ್ನು ಅವರಿಂದ ಮುಚ್ಚಿಟ್ಟಿತು. ಮೂರು ವೋಲ್ಟಿಗಿಂತ ಕೆಳಗೆ ಬಂದ ಕೂಡಲೇ ಅದರ ಸರ್ಕಿಟ್ ತಾನೇ ನಿಂತುಬಿಡುತ್ತದೆ. ನಿಂತ ಮೇಲೆ ಸೆಲ್ಲು ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಅವರು ನೋಡಿದ ಮಿಟುಕು ಅದೇ.

ಬೇರೆ ದಾರಿ ಇರಲಿಲ್ಲವೇ ಅಂದರೆ ಇತ್ತು. ಮಗ ಫೋನಿನಲ್ಲಿ ಲಿಥಿಯಂ ಸೆಲ್ಲು ಹಾಕಿ ಅಂದ. ಬೇಡ ಅಂದೆ. ಆ ಸೆಲ್ಲು ಲೋಹದ ಕೊಳವೆಯೊಳಗೆ ಶಾರ್ಟ್ ಆದರೆ ಬೆಂಕಿ. ಕರೆಂಟು ಇಲ್ಲದ ಮಳೆಗಾಲದಲ್ಲಿ ಚಾರ್ಜ್ ಮಾಡುವುದು ಎಲ್ಲಿ? ದೊಡ್ಡ ಸೆಲ್ಲು ಅವರ ಊರಿನ ಗೂಡಂಗಡಿಯಲ್ಲೇ ಸಿಗುತ್ತದೆ.

ದಾರಿಯಲ್ಲಿ ನಡೆದು ನೋಡಿದ್ದು

ಆವತ್ತು ಸಂಜೆ ಅವರ ಜೊತೆ ಊರಿಗೆ ಹೋದೆ. ಮೂರು ಬಗೆಯ ಬೆಳಕು ಕಟ್ಟಿಕೊಂಡು ಹೋಗಿದ್ದೆ. ಕತ್ತಲಾದ ಮೇಲೆ ಮೂವರೂ ಮೋಟರ್ ಮನೆಗೆ ನಡೆದೆವು. ಯಜಮಾನರು ಮುಂದೆ, ಅಮ್ಮ ಹಿಂದೆ, ಅವರ ಹಿಂದೆ ನಾನು.

ಮೊದಲನೆಯದು ಚಿಕ್ಕ ಲೆನ್ಸ್ ಇಟ್ಟು ಬೆಳಕನ್ನು ಒಂದೇ ಕಡೆ ಹಿಡಿದದ್ದು. ಅಂಗಡಿಯ ಗೋಡೆ ಮೇಲೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಕಂಡಿತ್ತು. ದಾರಿಯಲ್ಲಿ ಒಂದು ತಟ್ಟೆಯಷ್ಟು ಜಾಗ ಹಾಲಿನ ಹಾಗೆ ಬೆಳಗಿತು, ಅದರ ಸುತ್ತ ಗಾಢ ಕತ್ತಲು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಮ್ಮ ಹಿಂದಿನಿಂದ ಹೇಳಿದರು: "ನಿಮಗೆ ಮುಂದೆ ಕಾಣ್ತದೆ. ನನ್ಗೆ ಕಾಲ್ಕೆಳಗೇ ಏನೂ ಕಾಣಲ್ಲ." ಇಷ್ಟು ದಿನವೂ ಯಜಮಾನರನ್ನೇ ಕೇಳಿಕೊಂಡು ಕೆಲಸ ಮಾಡಿದ್ದೆ. ಆ ಬೆಳಕಿನಲ್ಲಿ ಇನ್ನೊಬ್ಬರು ನಡೆಯುತ್ತಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಎರಡನೆಯದು ಲೆನ್ಸ್ ಇಲ್ಲದ, ನೀಲಿ ಮಿಶ್ರಿತ ಬಿಳಿ. ಅಗಲವಾಗಿ ಹರಡಿತು. ಆದರೆ ಗರಿ, ಮಣ್ಣು, ತರಗೆಲೆ ಎಲ್ಲಾ ಒಂದೇ ಬೂದಿ ಬಣ್ಣ. ಕಂದು ಹಗ್ಗದ ಒಂದು ತುಂಡನ್ನು ನಾನೇ ಮುಂಚೆ ದಾರಿಯಲ್ಲಿ ಹಾಕಿದ್ದೆ. ಇಬ್ಬರೂ ಅದನ್ನು ದಾಟಿಕೊಂಡು ಹೋದರು.

ಮೂರನೆಯದು ಲೆನ್ಸ್ ಇಲ್ಲದ, ಸ್ವಲ್ಪ ಹಳದಿ ಬೆರೆತ ಬೆಳಕು. ಬೆಳಕು ಅಳೆಯುವ ಮೀಟರಿನಲ್ಲಿ ನೋಡಿದರೆ ಎರಡನೆಯದಕ್ಕಿಂತ ಮಂದ. ವಾಪಸ್ ಬರುವಾಗ ಅಮ್ಮ ಹಗ್ಗದ ಹತ್ತಿರ ತಟ್ಟನೆ ನಿಂತರು. ಹಗ್ಗದ ಕಂದು ಎಲೆಯ ಕಂದಿನಿಂದ ಬೇರೆಯಾಗಿ ಕಂಡಿತ್ತು. ಒಂದು ಹಗ್ಗದಿಂದ ದೊಡ್ಡ ತೀರ್ಮಾನ ಮಾಡಬಾರದು ಅಂತ ಗೊತ್ತು. ಆದರೆ ಆ ಮನೆಯ ಟಾರ್ಚಿಗೆ ಯಾವುದು ಬೇಕು ಅನ್ನುವುದು ಅಲ್ಲೇ ಇತ್ಯರ್ಥವಾಯಿತು.

ಕಳೆದುಕೊಂಡದ್ದೂ ಉಂಟು. ಹಳೇ ಬಲ್ಬಿನ ತಂತಿ ಸುತ್ತಲೂ ಬೆಳಕು ಚೆಲ್ಲುತ್ತದೆ. ರಿಫ್ಲೆಕ್ಟರ್ ಅದನ್ನೆಲ್ಲ ಬಾಚಿ ದೂರಕ್ಕೆ ಎಸೆಯುತ್ತದೆ. ಎಲ್‌ಇಡಿ ಬೆಳಕು ಮುಂದಕ್ಕಷ್ಟೇ, ಸುಮಾರು 120 ಡಿಗ್ರಿ ಅಗಲಕ್ಕೆ. ಹೆಚ್ಚಿನದು ರಿಫ್ಲೆಕ್ಟರನ್ನು ಮುಟ್ಟದೇ ಹೊರಗೆ ಹೋಗುತ್ತದೆ. ಹಾಗಾಗಿ ಮೊದಲಿನ ಹಾಗೆ ತೆಂಗಿನ ಮರದ ಸುಳಿವರೆಗೆ ಬೆಳಕು ಹೊಡೆಯುವುದಿಲ್ಲ. ಯಜಮಾನರಿಗೆ ಇದನ್ನು ಬಿಡಿಸಿ ಹೇಳಿದೆ. "ಸುಳಿ ಹಗಲು ನೋಡ್ಕೊಂತೀನಿ ಬಿಡು" ಅಂದರು.

ಮೂರನೆಯದನ್ನು ಕಟ್ಟಿದ್ದು

ಸರ್ಕಿಟ್ ಬಿಟ್ಟು, ಕರೆಂಟನ್ನು ತಡೆದು ಹಿಡಿಯುವ ಬರೀ ರೆಸಿಸ್ಟರ್ ಇಡುವುದು ಅಂತ ತೀರ್ಮಾನಿಸಿದೆ. ಈ ಕಾಲದಲ್ಲಿ ರೆಸಿಸ್ಟರ್ ಅಂದರೆ ಹಿಂದೆ ಹೋದ ಹಾಗೆ ಅಂತ ಅನ್ನಿಸಬಹುದು. ಇಲ್ಲಿ ಅದೇ ಬೇಕಿತ್ತು, ಯಾಕೆಂದರೆ ಸೆಲ್ಲು ಇಳಿದ ಹಾಗೆ ಬೆಳಕೂ ಇಳಿಯಬೇಕಿತ್ತು.

ಲೆಕ್ಕ ಸುಲಭ. ಹೊಸ ಸೆಲ್ಲು 4.5 ವೋಲ್ಟ್ ಅಂತ ಹಿಡಿದೆ. ಎಲ್‌ಇಡಿ 3.1 ತಿನ್ನುತ್ತದೆ. ಉಳಿದ 1.4 ವೋಲ್ಟನ್ನು ರೆಸಿಸ್ಟರ್ ತಿನ್ನಬೇಕು. ಕಾಲು ಆಂಪಿಯರ್ ಸಾಕು ಅಂದರೆ 1.4 ಭಾಗಿಸು 0.25, ಅಂದರೆ 5.6 ಓಮ್. ಅದರಲ್ಲಿ ಹುಟ್ಟುವ ಬಿಸಿ 0.35 ವ್ಯಾಟ್, ಹಾಗಾಗಿ ಒಂದು ವ್ಯಾಟಿನ ರೆಸಿಸ್ಟರ್ ಹಾಕಿದೆ. ಕರೆಂಟು ಕಮ್ಮಿಯಾದ ಹಾಗೆ ಎಲ್‌ಇಡಿ ತಿನ್ನುವ ವೋಲ್ಟೇಜೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಸೆಲ್ಲು ತಲಾ 1.2 ವೋಲ್ಟಿಗೆ ಇಳಿದಾಗ ಕರೆಂಟು ಸುಮಾರು ಅರ್ಧಕ್ಕೆ ಬರುತ್ತದೆ. ತಲಾ 1 ವೋಲ್ಟಿಗೆ ಬಂದಾಗ ಸುಮಾರು ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಆಗಲೂ ಮನೆಗೆ ಬರುವಷ್ಟು ದಾರಿ ಕಾಣುತ್ತದೆ.

ಎಲ್‌ಇಡಿಯ ಬಿಸಿಗೆ ದಾರಿ ಮಾಡುವುದೇ ಜಾಸ್ತಿ ಹೊತ್ತು ಹಿಡಿಯಿತು. ತಂತಿ ಬಲ್ಬಿನ ಬಿಸಿ ಬೆಳಕಿನ ಜೊತೆ ಮುಂದಕ್ಕೆ ಹೋಗುತ್ತದೆ. ಎಲ್‌ಇಡಿಯದು ಬೆನ್ನಿನಿಂದ ಇಳಿಯಬೇಕು. ಒಂದು ವ್ಯಾಟಿನ ಎಲ್‌ಇಡಿ ಸಾಮಾನ್ಯವಾಗಿ 20 ಮಿಲಿಮೀಟರ್ ಅಗಲದ ಬಿಲ್ಲೆಯ ಮೇಲೆ ಬರುತ್ತದೆ, ಅದು ರಿಫ್ಲೆಕ್ಟರಿನ ತೂತಿನೊಳಗೆ ತೂರುವುದಿಲ್ಲ. 8 ಮಿಲಿಮೀಟರಿನ ಅಲ್ಯೂಮಿನಿಯಂ ಬಿಲ್ಲೆಯದು ಹುಡುಕಿದೆ. ಸುಟ್ಟ ಹಳೇ ಬಲ್ಬಿನ ಗಾಜು ಒಡೆದು ತಿರುಪಿನ ತಳ ಉಳಿಸಿಕೊಂಡೆ. ಪಕ್ಕದ ಲೇಥಿನಲ್ಲಿ ಒಂದು ಕಡೆ ಮುಚ್ಚಿದ ಚಿಕ್ಕ ಹಿತ್ತಾಳೆ ಕೊಳವೆ ಮಾಡಿಸಿ ಅದಕ್ಕೆ ಬೆಸೆದೆ. ರೆಸಿಸ್ಟರ್ ಕೊಳವೆಯ ಒಳಗೆ, ಎಲ್‌ಇಡಿ ಅದರ ತಲೆ ಮೇಲೆ. ಬಿಸಿ ಕೊಳವೆಯಿಂದ ತಿರುಪಿಗೆ, ಅಲ್ಲಿಂದ ಟಾರ್ಚಿನ ಮೈಗೆ. ಹತ್ತು ನಿಮಿಷ ಉರಿಸಿ ಕತ್ತು ಮುಟ್ಟಿದರೆ ಬೆಚ್ಚಗಿರುತ್ತದೆ, ಸುಡುವುದಿಲ್ಲ.

ಇದನ್ನು ಮಾಡುವವರಿಗೆ ಒಂದು ಮಾತು. ಗಾಜು ಒಡೆಯುವ ಮುಂಚೆ ಒಳಗಿನ ತಂತಿ ತಳದಿಂದ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಎಲ್‌ಇಡಿಯ ಮುಖ ಅದೇ ಎತ್ತರಕ್ಕೆ ಬರಬೇಕು. ಕೆಳಗಾದರೆ ಬೆಳಕಿನ ನಡುವೆ ಕಪ್ಪು ಬಳೆ ಬೀಳುತ್ತದೆ. ನನ್ನದು ಒಂದು ಮಿಲಿಮೀಟರ್ ತಗ್ಗಾಗಿತ್ತು, ತಿರುಪನ್ನು ಸ್ವಲ್ಪ ಸಡಿಲಿಸಿ ಸರಿ ಮಾಡಿದೆ.

ಸೆಲ್ಲಿನ ದಿಕ್ಕಿನ ಬಗ್ಗೆ ತುಂಬಾ ಯೋಚಿಸಿದೆ. ಅವರ ಅಭ್ಯಾಸಕ್ಕೇ ಹೊಂದುವ ಹಾಗೆ ಉಲ್ಟಾ ಜೋಡಿಸಬಹುದಿತ್ತು. ಆದರೆ ನಾಳೆ ಸೆಲ್ಲು ಹಾಕುವುದು ಮೊಮ್ಮಗನೂ ಇರಬಹುದು, ಅವನು ಎಲ್ಲರ ಹಾಗೆ ಹಾಕುತ್ತಾನೆ. ಸರಿಯಾದ ದಿಕ್ಕಿಗೇ ಜೋಡಿಸಿ, ಮುಚ್ಚಳದ ಒಳಗೆ ಕೆಂಪು ಬಣ್ಣದಲ್ಲಿ ಬಾಣ ಬರೆದೆ. "ಮೂಗು ಗಾಜಿನ ಕಡೆ" ಅಂತ ಅಮ್ಮನಿಗೆ ಹೇಳಿಕೊಟ್ಟೆ. ಉಲ್ಟಾ ಹಾಕಿದರೆ ಉರಿಯುವುದಿಲ್ಲ ಅಷ್ಟೇ, ಈ ಜೋಡಣೆಯಲ್ಲಿ ಸುಡುವ ಸರ್ಕಿಟ್ ಯಾವುದೂ ಇಲ್ಲ.

ಆಮೇಲೆ ಆದದ್ದು

ಸೆಲ್ಲು ಈಗ ಮೂರು ವಾರದ ಬದಲು ಎರಡು ತಿಂಗಳ ಹತ್ತಿರ ಬರುತ್ತದೆ. ಬಲ್ಬು ಬದಲಿಸಿಲ್ಲ. ಬೆಳಕು ಮೆಲ್ಲಗೆ ಕಮ್ಮಿಯಾಗುವುದನ್ನು ಯಜಮಾನರು ಒಂದೇ ಸರದಿಯಲ್ಲಿ ಕಲಿತರು. ಕೆಂಪಗಾಗುವುದಿಲ್ಲ, ಮಂಕಾಗುತ್ತದೆ. ಅವರಿಗೆ ಅಷ್ಟು ಸಾಕಾಯಿತು.

ನಾನು ಎಣಿಸದ ಒಂದು ತೊಂದರೆ ಮಳೆಗಾಲದಲ್ಲಿ ಬಂತು. ಮಳೆ ಹಿಡಿದ ಮೇಲೆ ರಾತ್ರಿ ಮೋಟರ್ ಹಾಕುವ ಕೆಲಸ ಇಲ್ಲ. ಟಾರ್ಚು ಗೂಟಕ್ಕೆ ನೇತುಬಿದ್ದಿತ್ತು, ಒಳಗೆ ಅರೆ ಸತ್ತ ಸೆಲ್ಲು. ತಂತಿ ಬಲ್ಬಿಗೆ ಅಷ್ಟು ಇಳಿದ ಸೆಲ್ಲು ಪ್ರಯೋಜನಕ್ಕೇ ಬರುತ್ತಿರಲಿಲ್ಲ, ಆಗಲೇ ತೆಗೆದು ಬಿಸಾಡುತ್ತಿದ್ದರು. ಎಲ್‌ಇಡಿ ಇನ್ನೂ ಮಿಣಮಿಣ ಅನ್ನುತ್ತಿತ್ತು, ಹಾಗಾಗಿ ಬಿಟ್ಟರು. ಈ ಸೆಲ್ಲಿನ ಡಬ್ಬಿ ಸತುವಿನದು. ಕರೆಂಟು ಕೊಡುತ್ತಾ ಕೊಡುತ್ತಾ ಕರಗುವುದೂ ಆ ಸತುವೇ. ಕೊನೇ ಹನಿಯವರೆಗೆ ಹಿಂಡಿದರೆ ಡಬ್ಬಿ ತೂತಾಗಿ ಸೋರುತ್ತದೆ. ಸೋರಿತ್ತು. ಮತ್ತೆ ಸೋಡಾ, ಮತ್ತೆ ಎಮರಿ ಪೇಪರ್. ಹಿತ್ತಾಳೆ ಮೈ ಆದ್ದರಿಂದ ಉಳಿಯಿತು, ತಗಡಿನದಾಗಿದ್ದರೆ ತಿಂದುಹಾಕುತ್ತಿತ್ತು. ಸೆಲ್ಲನ್ನು ಉಳಿಸಲು ಹೋಗಿ ಟಾರ್ಚನ್ನೇ ಕಳೆದುಕೊಳ್ಳುವ ಅಪಾಯ ಎಲ್‌ಇಡಿ ಹಾಕಿದ ಪ್ರತಿ ಹಳೇ ಟಾರ್ಚಿಗೂ ಇದೆ. ಈಗ ನಾನು ಎಲ್‌ಇಡಿ ಹಾಕಿಕೊಡುವಾಗ ಈ ಮಾತು ಹೇಳದೇ ಕಳಿಸುವುದಿಲ್ಲ.

ಅದಕ್ಕೆ ಉಪಾಯ ಕಂಡುಕೊಂಡವರು ಅಮ್ಮ. ಹೊಸ ಸೆಲ್ಲು ಹಾಕಿದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಬ್ಯಾಟರಿಯ ಸೆಲ್ಲು ಎಲ್ಲಾ ಒಂದೇ ಹಾಳೆಯಲ್ಲಿ. ಎರಡು ಹಾಳೆ ತಿರುಗಿಸಿದ ಮೇಲೂ ಹೊಸ ಸುತ್ತು ಬಿದ್ದಿಲ್ಲದಿದ್ದರೆ ಮೂರು ಸೆಲ್ಲು ತರಲು ಹೇಳಿ ಕಳಿಸುತ್ತಾರೆ. ಮೊದಲ ಮಳೆ ಬಿದ್ದ ವಾರ ಸೆಲ್ಲು ತೆಗೆದು ಅಕ್ಕಿ ಡಬ್ಬದ ಪಕ್ಕ ಒಣ ಜಾಗದಲ್ಲಿಟ್ಟು, ಖಾಲಿ ಟಾರ್ಚನ್ನು ಮುಚ್ಚಳ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಾರೆ.